ಆಣಿಯೋ ನರಹುಲಿಯೋ, ಮೊದಲು ಚಿವುಟಿ ನೋಡಿ

ರಜೆಗೆ ಬಂದ ಮೊಮ್ಮಗ ಒಂದು ಕಾಲನ್ನು ಎತ್ತೆತ್ತಿ ಇಡುತ್ತಿದ್ದ. "ಅಜ್ಜಿ, ಮುಳ್ಳು ಮುರಿದಿದೆ, ಪಿನ್ನು ಕೊಡು" ಅಂದ. ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿದೆ. ಕಡಲೆಬೇಳೆಯಷ್ಟು ಅಗಲದ ಒರಟು ಗಂಟು, ಅದರೊಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು. ಪಿನ್ನು ಕೊಡಲಿಲ್ಲ. ಅದು ನರಹುಲಿ.

ಕೈಮೇಲಿನ ನರಹುಲಿ ಉಬ್ಬಿ ನಿಲ್ಲುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಅಂಗಾಲಿನದು ಮೈಭಾರಕ್ಕೆ ಒಳಗೊಳಗೇ ಒತ್ತಿಕೊಂಡಿರುತ್ತದೆ. ಅದಕ್ಕೇ ಜನ ಆಣಿ ಅಂದುಕೊಳ್ಳುವುದು. ಗುರುತು ಹಿಡಿಯಲು ಕಾಲನ್ನು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಒರೆಸಿ ನೋಡಿ. ಬೆರಳ ತುದಿಯಲ್ಲಿರುವ ಹಾಗೇ ಅಂಗಾಲಿನಲ್ಲೂ ಸಣ್ಣ ಗೆರೆಗಳಿರುತ್ತವೆ, ಅಲ್ವಾ? ಆಣಿಯಾದರೆ ಗೆರೆ ಅದರ ಮೇಲೇ ಹಾದು ಹೋಗುತ್ತದೆ. ನರಹುಲಿಯಾದರೆ ಹಳ್ಳದ ನೀರು ಬಂಡೆ ಬಳಸಿ ಹರಿದಂತೆ ಪಕ್ಕಕ್ಕೆ ಸರಿಯುತ್ತದೆ. ಇನ್ನೂ ಅನುಮಾನವಿದ್ದರೆ ಎರಡು ಬೆರಳಲ್ಲಿ ಅಕ್ಕಪಕ್ಕದಿಂದ ಚಿವುಟಿ. ನರಹುಲಿ ಚುರ್ ಅನ್ನುತ್ತದೆ. ಆಣಿ ನೋಯುವುದು ಮೇಲಿನಿಂದ ನೇರ ಒತ್ತಿದಾಗ. ಆಣಿ ಬರುವುದು ಚಪ್ಪಲಿ ಉಜ್ಜುವ, ಭಾರ ಬೀಳುವ ಜಾಗದಲ್ಲಿ. ನರಹುಲಿಗೆ ವೈರಸ್ ಕಾರಣ.

ಆ ಕಪ್ಪು ಚುಕ್ಕಿಯನ್ನು ಬೇರು ಅಂತ ತಿಳಿದು ಅಗೆಯುವವರಿದ್ದಾರೆ. ನಾನೂ ಅಗೆದವಳೇ! 25 ವರ್ಷದ ಹಿಂದೆ, ಯಜಮಾನರ ಶೇವಿಂಗ್ ಬ್ಲೇಡಿನಲ್ಲಿ. ಬಚ್ಚಲೆಲ್ಲ ರಕ್ತ. ತಿಂಗಳೊಪ್ಪತ್ತಿನಲ್ಲಿ ಒಂದಿದ್ದದ್ದು ಸುತ್ತ ನಾಲ್ಕಾಯಿತು. ಅದು ಬೇರಲ್ಲ, ರಕ್ತ ಹೆಪ್ಪುಗಟ್ಟಿದ ಸಣ್ಣ ರಕ್ತನಾಳ ಅಂತ ಆಮೇಲೆ ಡಾಕ್ಟರು ಹೇಳಿದರು.

ಮೆಡಿಕಲ್ ಶಾಪಿನಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರುವ, ನರಹುಲಿಗೆ ಹಚ್ಚುವ ದ್ರವ ಸಿಗುತ್ತದೆ. ಸಾಮಾನ್ಯವಾಗಿ ಶೇಕಡಾ 17ರದ್ದು. ರಾತ್ರಿ ಮಲಗುವ ಮುಂಚೆ ಕಾಲನ್ನು ಉಗುರುಬೆಚ್ಚಗಿನ ನೀರಲ್ಲಿ ಐದರಿಂದ ಹತ್ತು ನಿಮಿಷ ಇಡಿ. ಮೇಲೆ ಬೆಳ್ಳಗಾದ ಸತ್ತ ಚರ್ಮವನ್ನಷ್ಟೇ ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ತೆಗೆಯಿರಿ. ಆ ಕಲ್ಲು ಅದಕ್ಕೇ ಮೀಸಲು, ಬೇರೆ ಯಾರ ಹಿಮ್ಮಡಿಗೂ ತಾಗಬಾರದು. ಸುತ್ತಲಿನ ಒಳ್ಳೆ ಚರ್ಮಕ್ಕೆ ವ್ಯಾಸಲಿನ್ ಸವರಿ, ನರಹುಲಿಯ ಮೇಲೆ ಮಾತ್ರ ಒಂದು ಹನಿ ಔಷಧ ಬಿಡಿ. ಒಣಗಲಿ. ಉರಿದು ಕೆಂಪಾದರೆ ಎರಡು ಮೂರು ದಿನ ನಿಲ್ಲಿಸಿ ಮತ್ತೆ ಶುರು ಮಾಡಿ. 12 ವಾರದವರೆಗೂ ಬೇಕಾಗಬಹುದು. ಹೆಚ್ಚಿನವರು ಹತ್ತೇ ದಿನಕ್ಕೆ ಬೇಜಾರಾಗಿ ಬಿಡುತ್ತಾರೆ, ಆಮೇಲೆ ಔಷಧ ಸರಿಯಿಲ್ಲ ಅನ್ನುತ್ತಾರೆ.

ಸುಣ್ಣ-ಸೋಡಾ, ಎಕ್ಕದ ಹಾಲು, ಗೇರೆಣ್ಣೆ ಅಂತ ಹೇಳುವವರು ಊರಲ್ಲಿ ಬೇಕಾದಷ್ಟು ಜನ. ನಾನು ಬೇಡ ಅನ್ನುತ್ತೇನೆ. ಇವು ನರಹುಲಿ ಯಾವುದು, ಚರ್ಮ ಯಾವುದು ಅಂತ ನೋಡುವುದಿಲ್ಲ, ಎಲ್ಲವನ್ನೂ ಸುಡುತ್ತವೆ. ಎಕ್ಕದ ಹಾಲು ಕೈಯಿಂದ ಕಣ್ಣಿಗೆ ಹೋದರಂತೂ ಕಣ್ಣಿಗೇ ಅಪಾಯ. ನರಹುಲಿಯ ಬುಡಕ್ಕೆ ಕುದುರೆ ಕೂದಲು ಬಿಗಿದು ಕಟ್ಟು ಅನ್ನುವವರೂ ಇದ್ದಾರೆ, ಅಂಗಾಲಿನಲ್ಲಿ ಕಟ್ಟುವ ಜಾಗವೇ ಇಲ್ಲ ಬಿಡಿ. ಮಕ್ಕಳ ನರಹುಲಿ ಎಷ್ಟೋ ಸಲ ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತದೆ. ಹೆಸರು ಬರುವುದು ಆಗ ಹಚ್ಚಿದ ಸೊಪ್ಪಿಗೆ! ನೋವಿಲ್ಲದಿದ್ದರೆ ಸುಮ್ನೆ ಕಾಯುವುದೂ ತಪ್ಪಲ್ಲ.

ಸಕ್ಕರೆ ಕಾಯಿಲೆಯವರು, ಕಾಲಿಗೆ ರಕ್ತ ಸರಿಯಾಗಿ ಓಡದವರು, ಅಂಗಾಲು ಜೋಮು ಹಿಡಿದವರು ಮನೆಯಲ್ಲಿ ಏನನ್ನೂ ಹಚ್ಚಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ನೇರ ಡಾಕ್ಟರ ಹತ್ತಿರ ಹೋಗಿ. ಗಂಟು ತಾನಾಗೇ ರಕ್ತ ಸುರಿಸಿದರೆ, ಬೇಗ ಬೆಳೆದರೆ, ಅಂಗಾಲಿನಲ್ಲಿ ಕಪ್ಪು ಮಚ್ಚೆ ಹರಡುತ್ತಿದ್ದರೆ ಯಾರೇ ಆಗಲಿ ತಡ ಮಾಡಬಾರದು. ಮೂರು ತಿಂಗಳಾದರೂ ಜಗ್ಗದ ನರಹುಲಿಯನ್ನು ಚರ್ಮದ ಡಾಕ್ಟರು ದ್ರವ ನೈಟ್ರೋಜನ್ನಿನಿಂದ ಹೆಪ್ಪುಗಟ್ಟಿಸಿ ತೆಗೆಯುತ್ತಾರೆ. ಎರಡು ಮೂರು ವಾರಕ್ಕೊಮ್ಮೆ ಹೋಗಬೇಕು. ನೋವಿರುತ್ತದೆ, ಬೊಕ್ಕೆಯೂ ಏಳಬಹುದು.

ಮನೆಯಲ್ಲಿ ಒಬ್ಬರಿಗೆ ಬಂದರೆ ಟವೆಲು, ಚಪ್ಪಲಿ, ಸಾಕ್ಸು ಬೇರೆ ಮಾಡಿ. ಒದ್ದೆ ಕಾಲಿನ ಸಣ್ಣ ಬಿರುಕು ಸಾಕು ವೈರಸ್ಸಿಗೆ. ನಮ್ಮ ಹುಡುಗನಿಗೆ ಹಾಸ್ಟೆಲ್ ಬಚ್ಚಲಿನಲ್ಲೂ ಚಪ್ಪಲಿ ಹಾಕಿಕೋ ಅಂತ ಹೇಳಿ ಕಳಿಸಿದೆ. ಹತ್ತನೇ ವಾರ ವಿಡಿಯೋ ಕಾಲ್ ಮಾಡಿ ಅಂಗಾಲನ್ನೇ ಮೊಬೈಲಿಗೆ ಹಿಡಿದ. "ಹೋಯ್ತಲ್ಲ ಅಜ್ಜಿ, ನಿಲ್ಲಿಸಲಾ?" ಅಂದ. ಗೆರೆಗಳು ಇನ್ನೂ ಪಕ್ಕಕ್ಕೇ ಸರಿಯುತ್ತಿದ್ದವು. ಅವು ನೇರವಾಗುವ ತನಕ ಹಚ್ಚು ಅಂದೆ.