ರವಿವಾರದ ಮೇಜಿನ ಮೇಲೆ ಬಿಚ್ಚಿಟ್ಟ ಸಿಪಿಯು

2006ರ ಬೇಸಿಗೆಯಲ್ಲಿ, ಲಗ್ನಪತ್ರಿಕೆಗಳ ಕೆಲಸ ಕೈತುಂಬ ಇದ್ದಾಗಲೇ, ಬಾಗಲಕೋಟೆಯ ನವನಗರದಲ್ಲಿರುವ ನನ್ನ ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರ್ ಕೆಟ್ಟು ನಿಂತಿತು. ದುರಸ್ತಿಗೆಂದು ಹುಬ್ಬಳ್ಳಿಗೆ ಕಳಿಸಿದರೆ ವಾರ ಕಳೆಯುತ್ತಿದ್ದುದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪೆಂಟಿಯಮ್ 4 ಪ್ರೊಸೆಸರ್, ಮದರ್‌ಬೋರ್ಡ್, 512 ಎಂಬಿ ರ‍್ಯಾಮ್ ಮತ್ತು 80 ಜಿಬಿ ಹಾರ್ಡ್ ಡಿಸ್ಕ್ ತರಿಸಿಕೊಂಡು ಹಿಂದಿನ ಕೋಣೆಯಲ್ಲಿ ನಾನೇ ಜೋಡಿಸಲು ಕುಳಿತೆ. ಅದಕ್ಕೂ ಹಿಂದಿನ 478 ಸಾಕೆಟ್ಟಿನ (ಪ್ರೊಸೆಸರ್ ಕೂರಿಸುವ ಜಾಗ) ಕಾಲದಲ್ಲಿ ಪಿನ್ನುಗಳು ಪ್ರೊಸೆಸರಿನ ಬೆನ್ನಿಗೆ ಇರುತ್ತಿದ್ದವು. ಈ 775 ಸಾಕೆಟ್ಟಿನಲ್ಲಿ ಅವು ಬೋರ್ಡಿನ ಮೇಲೆಯೇ ಇದ್ದವು. ಇದನ್ನು ತಿಳಿಯದೆ ಪ್ರೊಸೆಸರನ್ನು ಓರೆಯಾಗಿ ಇಳಿಸಿ ಎರಡು ಪಿನ್ನು ಬಾಗಿಸಿದೆ. ಪಕ್ಕದ ಅಕ್ಕಸಾಲಿಗರಿಂದ ಭೂತಗನ್ನಡಿಯನ್ನು ಕಡ ತಂದು, ಹೊಲಿಗೆಯ ಸೂಜಿಯಿಂದ ಅವನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮಧ್ಯರಾತ್ರಿಯಾಗಿತ್ತು. ಯಂತ್ರ ನಡೆಯಿತು.

ಆ ಸುದ್ದಿ ಹಬ್ಬಿದ ಮೇಲೆ ರವಿವಾರ ಸಂಜೆ ನಮ್ಮ ಕೋಣೆಯಲ್ಲಿ ಐದಾರು ಮಂದಿ ಸೇರತೊಡಗಿದರು: ಸೈಬರ್ ಕೆಫೆ ನಡೆಸುತ್ತಿದ್ದವರೊಬ್ಬರು, ಪ್ರೌಢಶಾಲೆಯ ಗಣಿತದ ಮಾಸ್ತರರು, ಮೂವರು ಡಿಪ್ಲೊಮಾ ವಿದ್ಯಾರ್ಥಿಗಳು, ಮತ್ತು ಹಳೆಯ ಊರಿನಲ್ಲಿ ರೇಡಿಯೋ ದುರಸ್ತಿ ಮಾಡಿಕೊಂಡಿದ್ದ ಒಬ್ಬ ಹಿರಿಯರು. ಅವರನ್ನು ನಾವೆಲ್ಲ ಮಾಮಾ ಎಂದೇ ಕರೆಯುತ್ತಿದ್ದೆವು. ಕಂಪ್ಯೂಟರ್ ಬಳಸಿದವರಲ್ಲದಿದ್ದರೂ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಅದರ ಏರಿಳಿತ ತಗ್ಗಿಸುವ ಕೆಪಾಸಿಟರ್ ಏನೆಂಬುದನ್ನು ನಮಗೆ ಕಲಿಸಿದವರು ಅವರೇ.

ಆ ವರ್ಷಗಳ ಅನೇಕ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳು ತಲೆ ಉಬ್ಬಿ ಒಡೆಯುತ್ತಿದ್ದವು. ಒಳಗಿನ ದ್ರವದ ಮಿಶ್ರಣವೇ ಸರಿಯಿಲ್ಲದ ಕೆಪಾಸಿಟರುಗಳು ಅಂದು ಜಗತ್ತಿನಾದ್ಯಂತ ಹಂಚಿಹೋಗಿದ್ದವು. ರೇಡಿಯೋದಿಂದ ಕಿತ್ತ ಸಾಮಾನ್ಯ ಕೆಪಾಸಿಟರ್ ಅಲ್ಲಿ ಹೆಚ್ಚು ದಿನ ಬಾಳುವುದಿಲ್ಲ, 105 ಡಿಗ್ರಿ (ತಡೆಯಬಲ್ಲ ಬಿಸಿ) ಎಂದು ಬರೆದಿರುವ, ಒಳ ಪ್ರತಿರೋಧ ಕಡಿಮೆ ಇರುವ ಜಾತಿಯದೇ ಬೇಕು ಎಂದು ಮಾಮಾ ಹೇಳಿದರು. ಅವರು ಹೇಳಿದ ಇನ್ನೊಂದು ಮಾತನ್ನು ನಾನು ಇಂದಿಗೂ ಪಾಲಿಸುತ್ತೇನೆ. ಬೋರ್ಡಿನ ಮೇಲೆ ಅಚ್ಚಾದ ಗುರುತನ್ನು ಮಾತ್ರ ನಂಬಬಾರದು, ಏಕೆಂದರೆ ಅದು ತಯಾರಕರಿಂದ ತಯಾರಕರಿಗೆ ಬೇರೆಯಾಗಬಹುದು. ಹಳೆಯದನ್ನು ಕೀಳುವ ಮೊದಲೇ ಅದರ ಮೈಮೇಲಿನ ಪಟ್ಟಿ, ಅಂದರೆ ಋಣ ತುದಿ, ಯಾವ ಕಡೆಗಿದೆ ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಸತ್ತ ಯಂತ್ರವನ್ನು ಯಾವ ಕ್ರಮದಲ್ಲಿ ಅನುಮಾನಿಸಬೇಕು ಎಂಬುದನ್ನು ಆ ಮೇಜಿನ ಸುತ್ತ ಕುಳಿತೇ ಕಲಿತೆವು. ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿ) ಒಂದನ್ನೇ ಬಿಡಿಸಿಟ್ಟು, ದೊಡ್ಡ ಕನೆಕ್ಟರಿನ ಹಸಿರು ತಂತಿಯನ್ನು ಯಾವುದಾದರೂ ಕಪ್ಪು ತಂತಿಗೆ ಸೇರಿಸಿದರೆ ಅದು ಚಾಲೂ ಆಗಬೇಕು. ಫ್ಯಾನ್ ತಿರುಗಿದ ಮಾತ್ರಕ್ಕೆ ಅದು ನೆಟ್ಟಗಿದೆಯೆಂದು ತಿಳಿಯಬಾರದು. ಹಳೆಯ ಹಾರ್ಡ್ ಡಿಸ್ಕೊಂದನ್ನು ಹೊರೆಯಾಗಿ ಜೋಡಿಸಿ, ಮೀಟರಿನಿಂದ ಹಳದಿ ತಂತಿಯನ್ನು ಅಳೆದಾಗ 11.4ರಿಂದ 12.6 ವೋಲ್ಟಿನೊಳಗೆ, ಕೆಂಪು ತಂತಿಯಲ್ಲಿ 4.75ರಿಂದ 5.25ರೊಳಗೆ ಬರಬೇಕು. ಅದಾದ ಮೇಲೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಅದರ ಫ್ಯಾನ್ ಮತ್ತು ಪುಟ್ಟ ಸ್ಪೀಕರ್ ಮಾತ್ರ ಉಳಿಸಿ ಚಾಲೂ ಮಾಡಬೇಕು. ರ‍್ಯಾಮ್ ಇಲ್ಲವೆಂದು ಬೋರ್ಡು ಬೀಪ್ ಬೀಪ್ ಎಂದು ಕೂಗಿದರೆ ಅದು ಬದುಕಿದೆ ಎಂದರ್ಥ. ಆ ಕೂಗನ್ನು ಕೇಳಿದಾಗ ಆಗುತ್ತಿದ್ದ ಸಮಾಧಾನವನ್ನು ಅನುಭವಿಸಿದವರೇ ಬಲ್ಲರು. ಆಮೇಲೆ ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಒರೆಸಿ ಕೂರಿಸಿ, ಒಂದೊಂದೇ ಭಾಗವನ್ನು ಮರಳಿ ಸೇರಿಸುತ್ತ ಹೋಗಬೇಕು. ನಮ್ಮ ಕಡೆಯ ಧೂಳು ಮತ್ತು 40 ಡಿಗ್ರಿ ಮೀರುವ ಬಿಸಿಲಿನಲ್ಲಿ ಅರ್ಧದಷ್ಟು ದೂರುಗಳು ಪ್ರೊಸೆಸರಿನ ಬಿಸಿ ಹೊರಹಾಕುವ ಹೀಟ್‌ಸಿಂಕ್ ಬಿಚ್ಚಿ ಸ್ವಚ್ಛ ಮಾಡಿ, ತೊಗರಿ ಕಾಳಿಗಿಂತ ಹೆಚ್ಚಾಗದಷ್ಟು ಥರ್ಮಲ್ ಪೇಸ್ಟ್ (ಬಿಸಿಯನ್ನು ಅದಕ್ಕೆ ದಾಟಿಸುವ ಲೇಪ) ಹಚ್ಚಿದರೆ ಮುಗಿಯುತ್ತಿದ್ದವು.

ಈ ಕೂಟ ಯಾವಾಗ ಕರಗಿತೆಂದು ಒಂದು ದಿನಾಂಕ ಹೇಳಲಾರೆ. 2011ರ ಹೊತ್ತಿಗೆ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಪ್ರೊಸೆಸರಿನೊಳಗೇ ಸೇರಿಕೊಂಡಿತು, ಆದ್ದರಿಂದ ಸಾಮಾನ್ಯ ಕೆಲಸಕ್ಕೆ ಬೇರೆ ಕಾರ್ಡ್ ಆರಿಸುವ ಚರ್ಚೆಯೇ ಉಳಿಯಲಿಲ್ಲ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್) ಪ್ರೊಸೆಸರಿನ ವೇಗ ಹೆಚ್ಚಿಸಲೆಂದು ಬಸ್ಸಿನ, ಅಂದರೆ ಭಾಗಗಳ ನಡುವಿನ ಮಾಹಿತಿ ದಾರಿಯ, ವೇಗವನ್ನು ಐದೈದೇ ಮೆಗಾಹರ್ಟ್ಸ್ ಏರಿಸಿ ಇಡೀ ಸಂಜೆ ಕಾಯುತ್ತಿದ್ದ ನಮ್ಮ ಕೆಲಸವನ್ನು ಈಗಿನ ಪ್ರೊಸೆಸರು ತನ್ನ ಬಿಸಿಯನ್ನು ತಾನೇ ನೋಡಿಕೊಂಡು ಕ್ಷಣಾರ್ಧದಲ್ಲಿ ಮಾಡಿಕೊಳ್ಳುತ್ತದೆ. 2020-21ರಲ್ಲಿ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ವಿಪರೀತ ಏರಿದಾಗ, ಹಣ ಕೂಡಿಸಿಟ್ಟಿದ್ದ ಇಬ್ಬರು ಹುಡುಗರು ಲ್ಯಾಪ್‌ಟಾಪ್ ಕೊಂಡು ಬಂದರು. ಅಷ್ಟರಲ್ಲಿ ಮಾಮಾ ತೀರಿಕೊಂಡಿದ್ದರು, ಮಾಸ್ತರರು ವರ್ಗವಾಗಿ ಹೋಗಿದ್ದರು.

ಈಗಿನ ಹುಡುಗರಿಗೆ ಆಸಕ್ತಿ ಇಲ್ಲ ಎಂಬ ಮಾತು ಕೇಳಿದಾಗ ನನಗೆ ನೋವಾಗುತ್ತದೆ. ಒಬ್ಬ ವಿದ್ಯಾರ್ಥಿ ತನ್ನ ತೆಳ್ಳನೆಯ ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲೆ ಬಿಚ್ಚಿ, ಬಹಳ ಹೊತ್ತು ಹುಡುಕಿ, "ಕಾಕಾ, ಇದರಾಗ ರ‍್ಯಾಮ್ ಎಲ್ಲಿ ಐತ್ರಿ?" ಎಂದು ಕೇಳಿದ. ಅದು ಬೋರ್ಡಿಗೇ ಬೆಸುಗೆಯಾಗಿತ್ತು. ಕೀಳಲು ಏನೂ ಇಲ್ಲದ ಯಂತ್ರದ ಮುಂದೆ ಅವನು ಇನ್ನೇನು ಮಾಡಬೇಕಿತ್ತು?

ಹೀಗಾಗಿ ಕೀಳಲು ಬರುವ ಯಂತ್ರಗಳನ್ನು ನಾನೇ ಕೂಡಿಹಾಕತೊಡಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ, ವಿಂಡೋಸ್ 11 ಒಪ್ಪದ ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ3 ಮತ್ತು ಐ5 ಪ್ರೊಸೆಸರಿನ ಡೆಸ್ಕ್‌ಟಾಪುಗಳು ಗುಜರಿಯ ದಾರಿ ಹಿಡಿದಿದ್ದವು. ಅಂಥವು ನಾಲ್ಕನ್ನು ಕೊಂಡೆ. ಒಂದೊಂದಕ್ಕೂ ತಿರುಗುವ ತಟ್ಟೆಯಿಲ್ಲದ ವೇಗದ ಸಂಗ್ರಹ ಸಾಧನವಾದ ಒಂದು ಎಸ್‌ಎಸ್‌ಡಿ, ಡಿಡಿಆರ್3 ರ‍್ಯಾಮ್ ಒಟ್ಟು 8 ಜಿಬಿ, ಮದರ್‌ಬೋರ್ಡಿಗೆ ಹೊಸ ಸಿಆರ್2032 ಸೆಲ್ಲು ಹಾಕಿ, ವಿಂಡೋಸ್ ಬದಲು ಲಿನಕ್ಸ್ ಕೂರಿಸಿ, ಯೂನಿಕೋಡ್ ಕನ್ನಡ ಕೀಲಿಮಣೆಯನ್ನು ಸಿದ್ಧಗೊಳಿಸಿದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದರಿಂದ ಆದಷ್ಟು ವ್ಯತ್ಯಾಸ ಬೇರೆ ಯಾವ ಬದಲಾವಣೆಯಿಂದಲೂ ಆಗಲಿಲ್ಲ. ಕಲಿಯಲು ಬರುವವರು ಒಂದನ್ನು ಪೂರ್ತಿ ಬಿಚ್ಚಿ ಮರಳಿ ಜೋಡಿಸಿದರೆ ಅದನ್ನು ಮನೆಗೆ ಒಯ್ಯಬಹುದು ಎಂದು ಹೇಳಿದ್ದೇನೆ. ಪೇಜ್‌ಮೇಕರಿನಲ್ಲಿ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಿಂದ ಮಾಡಿದ ನನ್ನ ಹಳೆಯ ಕಡತಗಳಿಗಾಗಿ 2006ರ ಯಂತ್ರವನ್ನು ಮಾತ್ರ ವಿಂಡೋಸ್ ಎಕ್ಸ್‌ಪಿ ಸಮೇತ, ಇಂಟರ್ನೆಟ್ ಜೋಡಿಸದೆ, ಹಾಗೆಯೇ ಉಳಿಸಿಕೊಂಡಿದ್ದೇನೆ.

ಸದ್ಯ ಇಬ್ಬರು ಬರುತ್ತಾರೆ. ಮೊನ್ನೆ ರವಿವಾರ ಚಾಲೂ ಆದ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತಿದ್ದ ಯಂತ್ರವೊಂದನ್ನು ಅವರಲ್ಲಿ ಚಿಕ್ಕವಳ ಮುಂದಿಟ್ಟು ನಾನು ಗಿರಾಕಿಯ ಕೆಲಸಕ್ಕೆ ಹೊರಗೆ ಹೋದೆ. ಮರಳಿ ಬಂದಾಗ ಎಸ್‌ಎಂಪಿಎಸ್ ಬಿಡಿಯಾಗಿ ಮೇಜಿನ ಮೇಲಿತ್ತು, ಹಸಿರು ಮತ್ತು ಕಪ್ಪು ತಂತಿಗಳ ನಡುವೆ ತುಂಡು ತಂತಿ ಸಿಕ್ಕಿಸಿತ್ತು, ಪಕ್ಕದಲ್ಲಿ ಹಳೆಯ ಹಾರ್ಡ್ ಡಿಸ್ಕ್ ತಿರುಗುತ್ತಿತ್ತು. ಮಾಮಾ ಕಾಲದಿಂದ ದೋಷಗಳನ್ನು ಬರೆದಿಡುತ್ತ ಬಂದ ವಹಿಯಲ್ಲಿ ಅವಳು ಅಂದಿನ ತಾರೀಖಿನ ಕೆಳಗೆ ಹೀಗೆ ಬರೆದಿದ್ದಳು: ಹಳದಿ 11.1, ಕೆಂಪು 5.0, ಬೋರ್ಡು ಇನ್ನೂ ಮುಟ್ಟಿಲ್ಲ.