ಇಸ್ಪೀಟ್ ಎಲೆಯಷ್ಟು ಜಾಗದಲ್ಲಿ ಒಂದು ಚಿತ್ರ

ಇಸ್ಪೀಟ್ ಎಲೆಯ ಅಳತೆ ಗೊತ್ತಲ್ವಾ? ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಆ ಅಳತೆಯ ದಪ್ಪ ಕಾಗದದ ಮೇಲೆ ಚಿತ್ರ ಬರೆದು, ಹಿಂದೆ ಹೆಸರು ಹಾಕಿ, ಇನ್ನೊಬ್ಬರ ಕಾರ್ಡಿನ ಜೊತೆ ಅದಲು ಬದಲು ಮಾಡಿಕೊಳ್ಳುವ ಹವ್ಯಾಸವೊಂದಿದೆ. ಇದಕ್ಕೆ ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಎಂ. ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದ 1997ರಲ್ಲಿ ಇದನ್ನು ಶುರು ಮಾಡಿದರು. ಮಾರುವಂತಿಲ್ಲ, ಬದಲಾಯಿಸಿಕೊಳ್ಳಬೇಕು ಅಷ್ಟೇ ಎಂಬುದು ಮೂಲ ನಿಯಮ.

ಚಿಕ್ಕಮಗಳೂರಿನ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ಕೆಲಸ. ಕಿಟಕಿ ಪಕ್ಕ ಒಂದು ಸಣ್ಣ ಮೇಜಿದ್ದರೆ ಸಾಕು. ಆದರೆ ಸಣ್ಣದು ಅಂದ ಮಾತ್ರಕ್ಕೆ ಸುಲಭ ಅಂತಲ್ಲ. ಮುಳ್ಳಯ್ಯನಗಿರಿಯ ಇಡೀ ಸಾಲನ್ನು ಕುಗ್ಗಿಸಿ ಇಲ್ಲಿ ತುರುಕಿದರೆ ಏನೂ ಕಾಣುವುದಿಲ್ಲ. ಏನನ್ನು ಬಿಡಬೇಕು ಎಂದು ಮೊದಲೇ ತೀರ್ಮಾನಿಸಬೇಕು. ನನ್ನ ಪ್ರಕಾರ ಮುಕ್ಕಾಲು ಕೆಲಸ ಅದೇ.

ಕಾಗದ ಮತ್ತು ಮಾರ್ಕರ್

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣದ ಕಾಗದ ತೆಗೆದುಕೊಳ್ಳಿ. ತೆಳು ಡ್ರಾಯಿಂಗ್ ಶೀಟ್ ನೀರು ತಾಗಿದ ಕೂಡಲೇ ಸೊಟ್ಟಗಾಗುತ್ತದೆ. ಅಳತೆ 64 ಮಿ.ಮೀ. ಅಗಲ, 89 ಮಿ.ಮೀ. ಉದ್ದ. ಒಂದು ಎ4 ಹಾಳೆಯಲ್ಲಿ 9 ಕಾರ್ಡ್ ಬರುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಲ್ಲಿ ಕೊಯ್ಯಿರಿ, ಅಂಚು ನೇರ ಇರುತ್ತದೆ. ಕಾರ್ಡನ್ನು ಹಲಗೆಗೆ ಮಾಸ್ಕಿಂಗ್ ಟೇಪ್‌ನಲ್ಲಿ ಅಂಟಿಸಿಕೊಳ್ಳಿ. ಮಕ್ಕಳ ಜಲವರ್ಣದ ಬಿಲ್ಲೆಗಳ (ಕೇಕ್ ಬಣ್ಣದ) ಡಬ್ಬಿಯೇ ಸಾಕು, ಜೊತೆಗೆ 2 ಮತ್ತು 6ನೇ ನಂಬರಿನ ದುಂಡು ಬ್ರಷ್.

ಮಾರ್ಕರ್ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಸಾಮಾನ್ಯ ಸ್ಕೆಚ್ ಪೆನ್ನಿನ ಗೆರೆ ನೀರು ತಾಗಿದರೆ ಕದಡುತ್ತದೆ. ನೆರಳು ಹರಡಲು ಅದನ್ನೇ ಬೇಕಂತ ಬಳಸಬಹುದು, ಆದರೆ ಗಟ್ಟಿ ಗೆರೆಗೆ ಅದು ಆಗುವುದಿಲ್ಲ. ಅದಕ್ಕೆ ಒಣಗಿದ ಮೇಲೆ ನೀರಿಗೆ ಕದಡದ ಶಾಯಿಯ ವಾಟರ್‌ಪ್ರೂಫ್ ಪಿಗ್ಮೆಂಟ್ ಪೆನ್ ಬೇಕು. ಆಲ್ಕೊಹಾಲ್ ಮಾರ್ಕರ್ ಕಾಗದದ ಹಿಂದಕ್ಕೆ ಇಳಿಯುತ್ತದೆ. ಕೆಳಗೆ ಒಂದು ರದ್ದಿ ಕಾಗದ ಇಡಿ. ಹೊಸ ಪೆನ್ ತಂದಾಗ ಚೂರು ಕಾಗದದಲ್ಲಿ ಗೆರೆ ಎಳೆದು, ಒಣಗಿಸಿ, ಮೇಲೆ ಒದ್ದೆ ಬ್ರಷ್ ಆಡಿಸಿ ನೋಡಿ.

ಕಾಫಿ ಹೂವಿನ ಒಂದು ಕಾರ್ಡ್

ಕಾಫಿ ಗಿಡ ಹೂಬಿಡಿಸುವ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದಲ್ವಾ, ಅದನ್ನು ಬರೆಯೋಣ. ಇಡೀ ತೋಟ ಬೇಡ, ಒಂದು ರೆಂಬೆ ಸಾಕು. ಒಂದು ಗಿಣ್ಣು, ಅಲ್ಲಿ ಒತ್ತಾಗಿ ಕೂತ ಹೂವು, ಎರಡು ಎಲೆ.

ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಹಾಗಾಗಿ ಹೂವನ್ನು ಬರೆಯುವುದಿಲ್ಲ, ಸುತ್ತಲಿನ ಹಸಿರನ್ನು ಬರೆಯುತ್ತೇವೆ. ಪೆನ್ಸಿಲ್ಲಿನಲ್ಲಿ ಹೂಗೊಂಚಲಿನ ಹೊರಗೆರೆಯನ್ನು ಮಾತ್ರ ತಿಳಿಯಾಗಿ ಎಳೆಯಿರಿ, ಎಸಳು ಎಣಿಸಬೇಡಿ. ನೀಲಿ, ಹಳದಿ ಬೆರೆಸಿ, ಚೂರು ಕಂದು ಸೇರಿಸಿ. ಕಾಫಿ ಎಲೆಯ ಹಸಿರು ಕಡುವಾಗಿರುತ್ತದೆ, ಬರೀ ಡಬ್ಬಿಯ ಹಸಿರು ಹಾಕಿದರೆ ಹಸಿಹಸಿಯಾಗಿ ಕಾಣುತ್ತದೆ. ಮೊದಲ ಪದರ ತೆಳುವಾಗಿರಲಿ. ಎಲೆಯ ಮೇಲೆ ಒಂದು ಸಣ್ಣ ಪಟ್ಟಿ ಬಣ್ಣವಿಲ್ಲದೆ ಬಿಡಿ. ಎಲೆಯ ಹೊಳಪು ಬರುವುದು ಅದರಿಂದಲೇ. ಪೂರ್ತಿ ಒಣಗಿದ ಮೇಲೆ ಎರಡನೇ ಪದರ ಹಾಕಿ. ಒಣಗಿದಾಗ ಬಣ್ಣ ತಿಳಿಯಾಗುತ್ತದೆ, ಆದ್ದರಿಂದ ನಿಮಗನ್ನಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ ಕಡು ಇರಲಿ. ಆಷಾಢದಲ್ಲಿ ಒಣಗುವುದಕ್ಕೆ ಕಾದು ಸಾಕಾಗುತ್ತದೆ, ಹೇರ್ ಡ್ರೈಯರ್ ಹಿಡಿದರೆ ತಪ್ಪೇನಿಲ್ಲ.

ಕೊನೆಗೆ ಮಾರ್ಕರ್. ಹೂವಿನ ಹಿಂದೆ, ಎಲೆ ಮತ್ತು ಕಡ್ಡಿ ಸೇರುವ ಸಂದಿಗೆ ಮಾತ್ರ ಕಪ್ಪು ಕೊಡಿ. ತಟ್ಟನೆ ಹೂವು ಮುಂದೆ ಬರುತ್ತದೆ. ಎಲ್ಲದರ ಸುತ್ತ ಕಪ್ಪು ಗೆರೆ ಎಳೆಯುವ ಅಭ್ಯಾಸ ತುಂಬಾ ಜನರಿಗಿದೆ. ದಯವಿಟ್ಟು ಬಿಡಿ. ನೀರು ಮಾಡಿದ ಮೃದು ಅಂಚನ್ನೆಲ್ಲ ಆ ಗೆರೆ ಕೊಂದುಬಿಡುತ್ತದೆ.

ನೋಡುವುದು, ಹೇಳುವುದು

ಇನ್ನೊಬ್ಬರಿಗೆ ತೋರಿಸದೆ ಕಾರ್ಡ್ ಮಾಡುತ್ತಾ ಹೋದರೆ ಮಾಡಿದ್ದನ್ನೇ ಮಾಡುತ್ತಿರುತ್ತೇವೆ. ಆದರೆ “ಸೂಪರ್”, “ಚೆನ್ನಾಗಿದೆ” ಎಂಬ ಮಾತಿನಿಂದ ಬರೆದವರಿಗೆ ಏನೂ ಸಿಗುವುದಿಲ್ಲ. ನಾಲ್ಕು ಜನ ಸೇರಿದಾಗ ಕಾರ್ಡನ್ನು ಗೋಡೆಗೆ ಒರಗಿಸಿ, ಒಂದು ಮಾರು ದೂರದಿಂದ ನೋಡಿ. ಬರೆದವರು ಸುಮ್ನೆ ಇರಬೇಕು. ನೋಡಿದವರು ಮೊದಲು ಕಣ್ಣು ಎಲ್ಲಿಗೆ ಹೋಯಿತು ಎಂದಷ್ಟೇ ಹೇಳಲಿ.

ಹೀಗೆ ಕೂತಿದ್ದಾಗ ಕಾಲೇಜು ಹುಡುಗಿಯೊಬ್ಬಳು ಶೆಟ್ಟಿಹಳ್ಳಿ ಚರ್ಚಿನ ಕಾರ್ಡ್ ತಂದಿದ್ದಳು. ಹಾಸನದ ಹತ್ತಿರ, ಹೇಮಾವತಿ ಹಿನ್ನೀರಿನಲ್ಲಿ ನಿಂತ ಆ ಪಾಳು ಚರ್ಚು. ನೀರಿನ ನೀಲಿ ಬಹಳ ಚೆನ್ನಾಗಿ ಹರಡಿತ್ತು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು.

“ನನ್ನ ಕಣ್ಣು ಹೋಗಿದ್ದು ಕೆಳಗಡೆ ಹುಲ್ಲಿಗೆ ಕಣಮ್ಮ. ನಿಂಗೆ ಬೇಕಾಗಿದ್ದು ಅದೇನಾ?”

“ಇಲ್ಲ ಸಾರ್. ಕಮಾನು.”

“ಮತ್ತೆ ಹುಲ್ಲಿಗೆ ಅಷ್ಟು ಕಪ್ಪು ಯಾಕೆ?”

“ಅಲ್ಲಿ ಖಾಲಿ ಕಾಣ್ತಿತ್ತು ಸಾರ್.”

ಮೇಷ್ಟ್ರು ಅವಳ ಕಾರ್ಡನ್ನು ಪೆನ್ನಿನಿಂದ ಮುಟ್ಟಲಿಲ್ಲ. ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಕಮಾನಿನ ಒಳಗನ್ನು ಮಾರ್ಕರ್‌ನಲ್ಲಿ ಕಪ್ಪು ಮಾಡಿ, ಹುಲ್ಲಿನ ಮೇಲೆ ಬೆರಳು ಮುಚ್ಚಿ ತೋರಿಸಿದರು. ಅವಳು ಅಲ್ಲೇ ಇನ್ನೊಂದು ಕಾರ್ಡ್ ಶುರು ಮಾಡಿದಳು. ಇನ್ನೊಬ್ಬರ ಚಿತ್ರ ತಿದ್ದುವಾಗ ಈ ಪ್ಲಾಸ್ಟಿಕ್ ಹಾಳೆಯನ್ನು ಮರೆಯಬೇಡಿ. ಮಕ್ಕಳ ಕಾರ್ಡಾದರಂತೂ ನಮ್ಮ ಗೆರೆ ಅದರ ಮೇಲೆ ಬೀಳಲೇಬಾರದು.

ಒಬ್ಬರೇ ಇದ್ದರೆ ಕಾರ್ಡನ್ನು ತಲೆಕೆಳಗು ಮಾಡಿ ನೋಡಿ. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದರೂ ಆಯಿತು. ಎಲ್ಲವೂ ಒಂದೇ ಬೂದಿ ಬಣ್ಣವಾಗಿ ಕಂಡರೆ ಕಡು ಬಣ್ಣ ಸಾಲದು ಎಂದರ್ಥ.

ಹಿಂಬದಿ

ಹೆಸರು, ಊರು, ತಾರೀಕು, ಚಿತ್ರದ ಹೆಸರು ಹಿಂದೆ ಬರೆಯಿರಿ. ನಾಚಿಕೆ ಬೇಡ. ಬೇಲೂರಿನ ಹೊಯ್ಸಳ ದೇವಸ್ಥಾನದಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ವಿಗ್ರಹಗಳಲ್ಲಿ ಹೆಸರು ಹಾಕಿದ್ದರಿಂದಲೇ ಇವತ್ತು ನಮಗೆ ಅವರು ಗೊತ್ತು.

ಕಾರ್ಡುಗಳನ್ನು ಇಡಲು ಪುಟಕ್ಕೆ 9 ಜೇಬಿರುವ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ, ಅಳತೆ ಸರಿಯಾಗಿ ಕೂರುತ್ತದೆ. ಮಲೆನಾಡಿನ ಥಂಡಿಗೆ ತೇವ ಇರುವಾಗಲೇ ಒಳಗೆ ಹಾಕಿದರೆ ಬೂಷ್ಟು ಬರುತ್ತದೆ, ಒಂದು ರಾತ್ರಿ ಹೊರಗೇ ಬಿಡಿ. ಬಣ್ಣದ ಡಬ್ಬಿಯನ್ನೂ ಒಣಗುವ ಮುಂಚೆ ಮುಚ್ಚಬೇಡಿ.