ಜಿಟಿಒ, ತುಕ್ಕು ಮತ್ತು ‘ಮುಂದಿನ ವಾರ’

ಹಳೆಯ ಅಮೆರಿಕನ್ ಮಸಲ್ ಕಾರನ್ನು, ಅಂದರೆ ಮಧ್ಯಮ ಗಾತ್ರದ ಮೈಗೆ ದೊಡ್ಡ ಎಂಜಿನ್ ಕೂರಿಸಿದ ಕಾರನ್ನು, ಮತ್ತೆ ರಸ್ತೆಗಿಳಿಸಲು ಹೊರಟವನಿಗೆ ತುಕ್ಕಿನ ಬಗ್ಗೆ, ಸ್ಪೇರ್ ಪಾರ್ಟುಗಳ ಬಗ್ಗೆ, ಖರ್ಚಿನ ಬಗ್ಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ. ಕಾರನ್ನು ರಿಪೇರಿ ಶಾಪಿನವರಿಗೆ ಒಪ್ಪಿಸಿದ ಮೇಲೆ ಅದನ್ನು ವಾಪಸ್ ಪಡೆಯುವುದು ಹೇಗೆ ಎಂದು ಹೇಳುವವರು ಮಾತ್ರ ಸಿಗುವುದಿಲ್ಲ. ನನ್ನ 1967ರ ಪಾಂಟಿಯಾಕ್ ಜಿಟಿಒ ಕಲಿಸಿದ ಪಾಠದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಹಾಗಾಗಿ ಎಂಜಿನ್‌ಗಿಂತ ಶಾಪುಗಳ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಕಾರಿನ ವಿಷಯ ಮೊದಲು. ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್‌ನ ಉತ್ತರಕ್ಕೆ. ಕಾರಿಗೆ ಹೆಸರು ಕೊಟ್ಟ ಪಾಂಟಿಯಾಕ್ ಎಂಬ ಊರು ಇಲ್ಲೇ ಪಕ್ಕದಲ್ಲಿದೆ. ಪಾಂಟಿಯಾಕ್ ಕಾರು ಮಾಡುತ್ತಿದ್ದ ಜಿಎಂ (ಜನರಲ್ ಮೋಟರ್ಸ್) ಕಂಪನಿಯಲ್ಲಿ ಆಗ ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂಬ ಕಟ್ಟಳೆ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು 1964ರ ಮಾದರಿಯ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389ರ ಎಂಜಿನನ್ನು ‘ಆಪ್ಷನ್’ ಎಂಬ ಹೆಸರಲ್ಲಿ ಕೂರಿಸಿ ಆ ಕಟ್ಟಳೆಯ ಪಕ್ಕದಿಂದ ನುಣುಚಿಕೊಂಡರು. ಜಿಟಿಒ ಹುಟ್ಟಿದ್ದು ಹೀಗೆ. 1967ರ ಹೊತ್ತಿಗೆ ಎಂಜಿನ್ 400 ಕ್ಯೂಬಿಕ್ ಇಂಚಿಗೆ, ಅಂದರೆ ಸುಮಾರು 6.5 ಲೀಟರಿಗೆ ಏರಿತ್ತು. ಸಾಮಾನ್ಯ ಮಾದರಿಗೆ 335 ಅಶ್ವಶಕ್ತಿ. ಆ ವರ್ಷ ತಯಾರಾದದ್ದು 81,722 ಕಾರು.

ಹಳೆಯ ಜಿಟಿಒ ಕೊಳ್ಳುವಾಗ ಬಣ್ಣಕ್ಕೆ ಮರುಳಾಗುವ ಮೊದಲು ಡ್ರೈವರ್ ಬಾಗಿಲಿನ ಕಂಬದಲ್ಲಿರುವ ನಂಬರ್ ಪಟ್ಟಿ ನೋಡಬೇಕು. 1967ರ ಕಾರಿನ ನಂಬರ್ 242ರಿಂದ ಶುರುವಾದರೆ ಅದು ಹುಟ್ಟಾ ಜಿಟಿಒ. 237 ಇದ್ದರೆ ಅದು ಲೆಮಾನ್ಸ್, ಮಿಕ್ಕದ್ದೆಲ್ಲ ಯಾರೋ ಅಂಟಿಸಿದ ಬ್ಯಾಡ್ಜ್. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನವರಿಗೆ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಫ್ಯಾಕ್ಟರಿಯ ದಾಖಲೆಯ ಪ್ರತಿ ಕಳಿಸುತ್ತಾರೆ. ನನ್ನ ಕಾರಿನ ದಾಖಲೆಯಲ್ಲಿ ನಾಲ್ಕು ಗೇರಿನ ಮ್ಯಾನ್ಯುಅಲ್, ಲಿಂಡನ್ ಗ್ರೀನ್ ಬಣ್ಣ ಅಂತಿತ್ತು. ನಾನು ಕೊಂಡಾಗ ಅದು ಕೆಂಪಗಿತ್ತು, ಅದೂ ಬ್ರಷ್ಷಿನಲ್ಲಿ ಬಳಿದಂತೆ.

ಇನ್ನು ತುಕ್ಕು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ, ಕಾರಿನ ಕೆಳಗಿನ ತಗಡನ್ನೆಲ್ಲ ಅದು ತಿನ್ನುತ್ತದೆ. ಆದರೆ ಈ ಕಾಲದ ಜಿಎಂ ಕಾರುಗಳ ಅಸಲಿ ಗಾಯ ಇರುವುದು ಮೇಲೆ, ಹಿಂದಿನ ಗಾಜಿನ ಕೆಳಗಿನ ಎರಡು ಮೂಲೆಗಳಲ್ಲಿ. ಕ್ರೋಮ್ ಪಟ್ಟಿಯ ಅಡಿಯಲ್ಲಿ ನೀರು ನಿಂತು ಗಾಜು ಕೂರುವ ಅಂಚಿನ ತಗಡೇ ಕೊರೆದುಹೋಗುತ್ತದೆ. ಅಲ್ಲಿಂದ ಸೋರಿದ ನೀರು ಡಿಕ್ಕಿಯ ನೆಲಕ್ಕೆ ಇಳಿದು ಅದನ್ನೂ ಮುಗಿಸುತ್ತದೆ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋದರೆ ಸಾಕು. ಎಲ್ಲಿ ಅದು ಅಂಟದೆ ಜಾರುತ್ತದೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ನನ್ನ ಕಾರಿನ ಹಿಂಚಕ್ರದ ಮೇಲೆ ಅಯಸ್ಕಾಂತ ನೇರವಾಗಿ ನೆಲಕ್ಕೇ ಬಿತ್ತು. ಆ ನೆಪದಲ್ಲಿ ಬೆಲೆ ಇಳಿಸಿಕೊಂಡೆ.

ಟಿಂಕರಿಂಗ್ ಮತ್ತು ಪೇಂಟಿಗೆ ಅಂತ ಮೊದಲು ಕೊಟ್ಟದ್ದು ಒಂದು ದೊಡ್ಡ ಬಾಡಿ ಶಾಪಿಗೆ. ಹೆಸರು ಬೇಡ. 5,000 ಡಾಲರ್ ಅಡ್ವಾನ್ಸ್ ತೆಗೆದುಕೊಂಡರು, ಆರು ತಿಂಗಳು ಅಂದರು. ಆಮೇಲೆ ಹೋದಾಗಲೆಲ್ಲ ಒಂದೇ ಮಾತು: “ಮುಂದಿನ ವಾರ ಕೈಗೆತ್ತಿಕೊಳ್ತೀವಿ.” ನಮ್ಮ ಕಡೆ ದೆವ್ವ ಒಳಗೆ ಬರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಇಲ್ಲಿ ಆ ದೆವ್ವ ನಾನೇ ಆಗಿದ್ದೆ. ಕಾರು ಹಿಂಬದಿಯ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಅದರ ಟಾಪಿನ ಮೇಲೆ ಯಾವುದೋ ಹೊಸ ಪಿಕಪ್ಪಿನ ಬಂಪರ್ ಡಬ್ಬ, ಬಾನೆಟ್ಟಿನ ಮೇಲೆ ಕಾಫಿ ಲೋಟದ ಉಂಗುರ. ಒಂದು ಸಲ ಯಾರೂ ನೋಡದಾಗ ಮುಂದಿನ ಟೈರಿನಿಂದ ನೆಲದವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಬಂದೆ. ಚಳಿಗಾಲ ಕಳೆದು ಹೋದರೂ ಟೈರಿನ ಗೆರೆಯೂ ನೆಲದ ಗೆರೆಯೂ ಕೂಡಿಕೊಂಡೇ ಇದ್ದವು. ಕಾರು ಒಂದಿಂಚು ಕದಲಿರಲಿಲ್ಲ.

ಸಿಟ್ಟು ಬಂತು, ಸುಳ್ಳೇಕೆ. ಆದರೆ ಅಲ್ಲೇ ಕೂತು ಅವರ ವ್ಯಾಪಾರ ಗಮನಿಸಿದಾಗ ವಿಷಯ ಅರ್ಥವಾಯಿತು. ಆ ಶಾಪಿನ ಹೊಟ್ಟೆಪಾಡು ಅಪಘಾತದ ಕಾರುಗಳದ್ದು. ಬಂಪರ್ ಒಡೆದ ಕಾರು ಸೋಮವಾರ ಬಂದು ಶುಕ್ರವಾರ ಹೋಗುತ್ತದೆ, ದುಡ್ಡು ವಿಮೆ ಕಂಪನಿಯದು. ಕಾರಿನ ಯಜಮಾನನಿಗೆ ಬಾಡಿಗೆ ಕಾರು ಕೊಟ್ಟಿರುವುದರಿಂದ ಬೇಗ ಮುಗಿಸಿ ಅಂತ ವಿಮೆಯವರೇ ಬೆನ್ನು ಹತ್ತಿರುತ್ತಾರೆ. ನನ್ನ ಕಾರಿನ ಬೆನ್ನು ಹತ್ತುವವನು ನಾನೊಬ್ಬನೇ. ನಾನು ಕೊಟ್ಟ ಅಡ್ವಾನ್ಸ್ ಬಂದ ತಿಂಗಳೇ ಬಾಡಿಗೆಗೋ ಸಂಬಳಕ್ಕೋ ಕರಗಿಹೋಗಿದೆ. ಈಗ ಕೆಲಸ ಶುರು ಮಾಡಿದರೆ ಅವರ ಲೆಕ್ಕದಲ್ಲಿ ಅದು ಪುಕ್ಕಟೆ ದುಡಿಮೆ. ಮೇಲಾಗಿ ನಾನು ‘ಒಟ್ಟು ಇಷ್ಟಕ್ಕೆ’ ಎಂದು ರೇಟು ಕಟ್ಟಿಸಿಕೊಂಡಿದ್ದೆ. ಗ್ರಾಹಕನಿಗೆ ಅದು ಭದ್ರತೆ ಅನ್ನಿಸುತ್ತದೆ. ಆದರೆ ಪುಟ್ಟಿ ಕೆರೆದಷ್ಟೂ ತುಕ್ಕು ಹೊರಬರುವ ಕಾರಿನಲ್ಲಿ ಒಟ್ಟು ರೇಟು ಅಂದರೆ ಶಾಪಿನವನಿಗೆ ಖಾತ್ರಿ ನಷ್ಟ. ನಷ್ಟದ ಕೆಲಸ ಯಾರಿಗೇ ಆದರೂ ಮುಂದಿನ ವಾರದ ಕೆಲಸವೇ. ಹಾಗಾಗಿ ಹಳೆಯ ಕಾರಿಗೆ ಒಟ್ಟು ರೇಟು ಕಟ್ಟಿಸುವುದೇ ಕೆಲಸ ನಿಲ್ಲಲು ಮೊದಲ ಕಾರಣ ಎಂದು ನಾನು ಈಗಲೂ ವಾದ ಮಾಡುತ್ತೇನೆ.

ಕಾರು ಹೊರಗೆ ತರಲು ಎರಡು ಸಂಗತಿ ನೆರವಾದವು. ಮಿಷಿಗನ್‌ನಲ್ಲಿ 1974ರಿಂದ ವಾಹನ ರಿಪೇರಿಗೇ ಒಂದು ಕಾನೂನಿದೆ. ಶಾಪು, ರಾಜ್ಯದ ವಾಹನ ನೋಂದಣಿಯನ್ನೂ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಸ್ಟಿಮೇಟನ್ನು ಬರೆದು ಕೊಡಬೇಕು. ದೂರು ಕೊಡುವ ದಾರಿಯೂ ಅದರಲ್ಲಿದೆ. ಆದರೆ ಬಾಕಿ ಇದ್ದರೆ ಕಾರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಶಾಪಿಗೂ ಇದೆ. ನನಗೆ ಬೇಕಾಗಿದ್ದದ್ದು ಕಾರು, ಕೇಸಲ್ಲ. ಆದ ಕೆಲಸದ ಗಂಟೆಗಳ ಲೆಕ್ಕವನ್ನು ಲಿಖಿತವಾಗಿ ಕೇಳಿದೆ. ಕೆರೆದದ್ದು, ಪ್ರೈಮರ್ ಹೊಡೆದದ್ದು ಅಂತ ಒಂದಿಷ್ಟು ಬರೆದುಕೊಟ್ಟರು, ಮಿಕ್ಕ ಹಣದಲ್ಲಿ ಅರ್ಧ ವಾಪಸ್ ಬಂತು. ಅರ್ಧ ಬಿಟ್ಟೆ.

ಎರಡನೆಯದು, ನಾಲ್ಕೂ ಚಕ್ರ ಮತ್ತು ಸ್ಟೀರಿಂಗ್ ಕಳಚಬಾರದು ಎಂದು ಮೊದಲೇ ಹಟ ಹಿಡಿದಿದ್ದೆ. ಬಿಚ್ಚಿದ ಸೀಟು, ದೀಪ, ಪಟ್ಟಿ, ನಟ್ಟು ಬೋಲ್ಟುಗಳೆಲ್ಲ ಚೀಟಿ ಅಂಟಿಸಿದ ಪೊಟ್ಟಣಗಳಲ್ಲಿ ನನ್ನ ಮನೆಯಲ್ಲಿದ್ದವು. ಮಾತು ಮುಗಿದ ಮಧ್ಯಾಹ್ನವೇ ಟ್ರಕ್ಕು ಕರೆಸಿ, ವಿಂಚ್ ಹಾಕಿ ಎಳೆಸಿಕೊಂಡು ಬಂದೆ. ಬಿಡಿಬಿಡಿಯಾಗಿ ಶಾಪಿನ ಮೂರು ಮೂಲೆಗಳಲ್ಲಿ ಹರಡಿದ ಕಾರನ್ನು ಯಾರೂ ಹೀಗೆ ತರಲಾಗದು. ಹಾಗೆ ಬಿಚ್ಚಿದ ಕಾರು ಶಾಪಿಗೆ ಒತ್ತೆ ಇಟ್ಟಂತೆಯೇ.

ಅಂದಿನಿಂದ ಇಡೀ ಕಾರನ್ನು ಯಾರಿಗೂ ಒಪ್ಪಿಸಲಿಲ್ಲ. ಕೆಲಸವನ್ನು ತುಂಡು ಮಾಡಿದೆ. ಮುಂದಿನ ಶಾಪು ಇಬ್ಬರೇ ಇರುವ ಪುಟ್ಟ ಜಾಗ. ಒಮ್ಮೆಗೆ ಒಂದೇ ಹಳೆಯ ಕಾರು ಒಳಗೆ. “ನಿಮ್ಮ ಸರದಿ ಬರೋಕೆ ಬಹಳ ತಿಂಗಳಾಗುತ್ತೆ,” ಅಂದ ಯಜಮಾನ. ಪರವಾಗಿಲ್ಲ, ಕಾಯುವುದೇ ಆದರೆ ಕಾರು ನನ್ನ ಗ್ಯಾರೇಜಿನಲ್ಲೇ ಕಾಯಲಿ ಅಂದೆ. ಆ ಬಿಡುವಿನಲ್ಲಿ ಡಿಕ್ಕಿಯ ನೆಲ, ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಸುತ್ತಲಿನ ಪಕ್ಕದ ತಗಡು), ಗಾಜಿನ ಮೂಲೆಯ ತಗಡು ಎಲ್ಲ ತರಿಸಿ ಜೋಡಿಸಿಟ್ಟೆ. ಪಾರ್ಟ್ ಬಂದಿಲ್ಲ ಎಂಬ ನೆಪಕ್ಕೆ ಜಾಗವೇ ಇರಲಿಲ್ಲ. ರೇಟು ಗಂಟೆಯ ಲೆಕ್ಕ, ವಾರಕ್ಕೆ ಇಷ್ಟಕ್ಕಿಂತ ಹೆಚ್ಚು ಗಂಟೆ ಬೇಡ ಎಂಬ ಮಿತಿ ನನ್ನದು. ಶುಕ್ರವಾರ ಸಂಜೆ ನಾನು ಹೋಗುವುದು, ಆ ವಾರದ ಕೆಲಸ ಕಣ್ಣಾರೆ ನೋಡುವುದು, ಫೋಟೊ ತೆಗೆಯುವುದು, ಆ ವಾರದ ದುಡ್ಡು ಅಲ್ಲೇ ಕೊಡುವುದು. ಶುಕ್ರವಾರ ದುಡ್ಡು ಬರುತ್ತದೆ ಅಂತ ಗೊತ್ತಿದ್ದರೆ ಗುರುವಾರ ವೆಲ್ಡಿಂಗ್ ತಾನಾಗಿ ನಡೆಯುತ್ತದೆ. ಕಾರು ಬೇರೆಯವರ ಸೂರಿನಡಿ ಇರುವಷ್ಟು ಕಾಲ ಮೊದಲೇ ಒಪ್ಪಿದ ಮೌಲ್ಯಕ್ಕೆ ವಿಮೆ ಮಾಡಿಸಿಟ್ಟಿದ್ದೆ. ಹಳೆಯ ಕಾರುಗಳಿಗೆಂದೇ ವಿಮೆ ಕೊಡುವ ಹ್ಯಾಗರ್ಟಿ ಇದೇ ಮಿಷಿಗನ್‌ನದು.

ಕೈಕೆಲಸ ನೋಡುವುದೇ ಒಂದು ಸುಖ. ಹಳೆಯ ತಗಡು ಕತ್ತರಿಸುವ ಮೊದಲು ಬಾಗಿಲ ತೆರವಿಗೆ ಅಡ್ಡ ಕಂಬಿ ಬೆಸೆದು ಬಾಡಿ ಸೊಟ್ಟಗಾಗದಂತೆ ಬಿಗಿದರು. ಹೊಸ ಕ್ವಾರ್ಟರ್ ಪ್ಯಾನೆಲನ್ನು ಬರಿ ಸ್ಕ್ರೂ ಹಾಕಿ ನಿಲ್ಲಿಸಿ, ಬಾಗಿಲು ಮುಚ್ಚಿ, ಡಿಕ್ಕಿ ಮುಚ್ಚಿ, ಸಂದು ಮೇಲಿಂದ ಕೆಳಗೆ ಒಂದೇ ಅಗಲ ಬರುವ ತನಕ ಸರಿಸಾಡಿದರು. ಆಮೇಲೆ ವೆಲ್ಡಿಂಗ್, ಅದೂ ಒಂದು ಚುಕ್ಕೆ ಇಲ್ಲಿ, ಇನ್ನೊಂದು ಚುಕ್ಕೆ ಒಂದಡಿ ಆಚೆ. ಉದ್ದಕ್ಕೆ ಒಂದೇ ಸಲ ಎಳೆದರೆ ಬಿಸಿಗೆ ತಗಡು ಸುಕ್ಕಾಗುತ್ತದೆ. ಅಳತೆಗೇ ವಾರ ಹಿಡಿಯಿತು, ಬೆಸುಗೆಗೆ ಎರಡು ದಿನ.

ಎಂಜಿನ್ ಕೊಟ್ಟದ್ದು ಇನ್ನೊಂದು ಕಡೆ, ವಯಸ್ಸಾದ ಒಬ್ಬ ಮೆಷಿನಿಸ್ಟ್ ಬಳಿ. ಇವರೂ ನಿಧಾನ, ಬಲು ನಿಧಾನ. ಆದರೆ ಇವರ ನಿಧಾನಕ್ಕೆ ನಾನು ಒಮ್ಮೆಯೂ ಗೊಣಗಲಿಲ್ಲ. ಪಿಸ್ಟನ್ ಕೈಗೆ ಬರುವ ತನಕ ಬೋರಿಂಗ್, ಅಂದರೆ ಸಿಲಿಂಡರ್ ಕೊರೆದು ಅಗಲಿಸುವ ಕೆಲಸ, ಮಾಡುವುದಿಲ್ಲ ಅಂದರು. ಬಂದ ಮೇಲೆ ಎಂಟನ್ನೂ ಒಂದೊಂದಾಗಿ ಮೈಕ್ರೋಮೀಟರಿನಲ್ಲಿ ಅಳೆದು, ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಎಂದು ನಂಬರ್ ಬರೆದು, ಆ ಅಳತೆಗೆ ತಕ್ಕಂತೆ ಸಿಲಿಂಡರಿನ ಒಳಗೋಡೆ ಉಜ್ಜಿ ನಯ ಮಾಡುವ ಹೋನಿಂಗ್ ಮಾಡಿದರು. ಹೋನಿಂಗ್ ಮಾಡುವಾಗ ಎಂಜಿನ್ ಬ್ಲಾಕಿನ ಮೇಲೆ ದಪ್ಪ ಲೋಹದ ಪ್ಲೇಟೊಂದನ್ನು ಬೋಲ್ಟು ಬಿಗಿದು ಕೂರಿಸಿದ್ದರು. ಸಿಲಿಂಡರುಗಳನ್ನು ಮೇಲಿಂದ ಮುಚ್ಚುವ ಹೆಡ್ ಬಿಗಿದಾಗ ಸಿಲಿಂಡರ್ ಎಷ್ಟು ಬಾಗುತ್ತದೋ ಅಷ್ಟು ಬಾಗಿದ ಸ್ಥಿತಿಯಲ್ಲೇ ಅದು ದುಂಡಗಾಗಬೇಕು ಅಂತ. ಕೆಲಸ ಎಲ್ಲಿಗೆ ಬಂತು ಅಂತ ಕೇಳಿದರೆ ಅವರ ಬಾಯಲ್ಲಿ ಅಂಕಿ ಬರುತ್ತಿತ್ತು, ವಾರ ಬರುತ್ತಿರಲಿಲ್ಲ. ಶಾಪಿನವರು ತಡ ಮಾಡಿದಾಗ ನಾನು ಈಗ ಗಮನಿಸುವುದು ಇದನ್ನೇ: ಯಾಕೆ ತಡ ಎಂದಾಗ ಕಾರಿನ ವಿಷಯ ಹೇಳುತ್ತಾರೋ, ಕ್ಯಾಲೆಂಡರಿನ ವಿಷಯ ಹೇಳುತ್ತಾರೋ.

1967ರ ಜಿಟಿಒ ಎಂಜಿನ್‌ನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಒತ್ತುವ ಅನುಪಾತ, 10.75ಕ್ಕೆ 1. ಇಂದಿನ 93 ಆಕ್ಟೇನ್ ಪೆಟ್ರೋಲಿಗೆ ಅದು ಜಾಸ್ತಿಯಾಯಿತು, ಪೆಟ್ರೋಲ್ ತಪ್ಪು ಹೊತ್ತಿನಲ್ಲಿ ಹೊತ್ತಿಕೊಂಡು ಎಂಜಿನ್ ಬಡಿಯುತ್ತದೆ. ಹಾಗಾಗಿ ತಲೆ ತಗ್ಗಾದ ಪಿಸ್ಟನ್ ಹಾಕಿಸಿ ಒಂಬತ್ತೂವರೆಯ ಒಳಗೆ ತಂದೆವು. ಸೀಸದ ಪೆಟ್ರೋಲ್ ಅಮೆರಿಕದ ರಸ್ತೆಗಳಿಂದ 1996ರಲ್ಲೇ ಪೂರ್ತಿ ಹೋಯಿತು. ವಾಲ್ವ್ ಕೂರುವ ಸೀಟು ಸವೆಯದಂತೆ ತಡೆಯುತ್ತಿದ್ದದ್ದು ಆ ಸೀಸ, ಹಾಗಾಗಿ ಗಟ್ಟಿ ವಾಲ್ವ್ ಸೀಟು ಹಾಕಿಸಬೇಕು ಎನ್ನುವವರಿದ್ದಾರೆ. ವರ್ಷಕ್ಕೆ ಸಾವಿರ ಮೈಲಿ ಓಡದ ಕಾರಿಗೆ ಹೆಡ್ಡನ್ನು ಕೊರೆಯುವುದು ನನಗೆ ಸರಿ ಕಾಣಲಿಲ್ಲ, ಹಾಕಿಸಲಿಲ್ಲ.

ಕ್ರೋಮ್ ವಿಷಯದಲ್ಲಿ ಮಾತ್ರ ನನ್ನ ಯಾವ ಉಪಾಯವೂ ನಡೆಯಲಿಲ್ಲ. ತಾಮ್ರ, ನಿಕ್ಕಲ್, ಕ್ರೋಮ್ ಹೀಗೆ ಮೂರು ಲೇಪ ಹಾಕುವ ಅಂಗಡಿಗಳು ಕಡಿಮೆ, ಅದರಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತುವಾದ್ದರಿಂದ ನಿಯಮಗಳೂ ಬಿಗಿ. ಕ್ಯಾಲಿಫೋರ್ನಿಯಾ 2023ರಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸುವ ತೀರ್ಮಾನವನ್ನೇ ಮಾಡಿತು. ಬಂಪರ್‌ಗಳನ್ನು ಹೊಸದಾಗಿ ತಯಾರಾದವೇ ಕೊಂಡೆ. ಸಣ್ಣ ತುಣುಕುಗಳನ್ನು ಪಾರ್ಸೆಲ್ ಮಾಡಿ ಮರೆತುಬಿಟ್ಟೆ, ಒಂದು ದಿನ ಬಂದವು.

ಪೇಂಟು ಸರಳವಾಯಿತು. ಮರಳು ಕಾಗದ ಸುತ್ತಿದ ಬ್ಲಾಕ್ ಹಿಡಿದು ಉಜ್ಜುವ ಕೆಲಸವನ್ನೆಲ್ಲ ಮನೆಯಲ್ಲೇ ಮುಗಿಸಿದೆ, ಹೊಡೆಯುವ ಕೆಲಸ ಬಿಟ್ಟುಕೊಟ್ಟೆ. ಬಣ್ಣದ ಮೇಲೆ ಹೊಡೆಯುವ ಇಂದಿನ ಕ್ಲಿಯರ್ ಕೋಟಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಟ್ಟದ್ದು, ಹೊರಗಿನ ಗಾಳಿ ಒದಗಿಸುವ ಮುಖವಾಡ ಇಲ್ಲದೆ ಮನೆಯ ಗ್ಯಾರೇಜಿನಲ್ಲಿ ಅದನ್ನು ಮುಟ್ಟಲೇಬಾರದು. ಉಜ್ಜುವುದು ಮುಗಿದ ಕಾರಾದ್ದರಿಂದ ಪೇಂಟರ್‌ಗೂ ಅದು ಅಪಘಾತದ ಕಾರಿನಷ್ಟೇ ಚುಟುಕು ಕೆಲಸ. ಹೇಳಿದ ದಿನಕ್ಕೆ ಕೊಟ್ಟ!

ಜೋಡಣೆ ಪೂರಾ ನನ್ನದೇ. ಪಾಂಟಿಯಾಕ್ ಎಂಜಿನ್‌ನಲ್ಲಿ ವಾಟರ್ ಪಂಪಿನ ಹಿಂದೆ ಒಂದು ತಗಡಿನ ಡಿವೈಡರ್ ಪ್ಲೇಟ್ ಇರುತ್ತದೆ. ಅದಕ್ಕೂ ಪಂಪಿನ ರೆಕ್ಕೆಗೂ ನಡುವೆ ಸಂದು ಜಾಸ್ತಿಯಾದರೆ ನೀರು ಒಳಗೇ ಸುತ್ತುತ್ತದೆ, ಎಂಜಿನ್ ಬಿಸಿಯೇರುತ್ತದೆ. ಪ್ಲೇಟನ್ನು ಮೆಲ್ಲಗೆ ತಟ್ಟಿ, ರೆಕ್ಕೆಗೆ ತಾಗದಂತೆ ಆದಷ್ಟೂ ಹತ್ತಿರ ತಂದು ಕೂರಿಸಿದೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕ್ವಾಡ್ರಾಜೆಟ್ ಕಾರ್ಬೊರೇಟರ್‌ಗೂ ಒಂದು ಹಳೇ ಚಾಳಿ ಇದೆ: ಅಡಿಯ ಬಿರಡೆಗಳು ಸೋರಿ, ರಾತ್ರಿ ಕಳೆಯುವಷ್ಟರಲ್ಲಿ ಅದರೊಳಗಿನ ಪೆಟ್ರೋಲ್ ಬಟ್ಟಲು ಖಾಲಿ. ಅವುಗಳ ಮೇಲೆ ಪೆಟ್ರೋಲಿಗೆ ಕರಗದ ಎಪಾಕ್ಸಿ ಮೆತ್ತಿದೆ. ವಾಲ್ವ್ ತೆರೆಸುವ ಕ್ಯಾಮ್ ಹಳೇ ಮಾದರಿಯದಾದ್ದರಿಂದ, ಅದು ಸವೆಯದಿರಲಿ ಅಂತ ಸತುವಿನ ಅಂಶ ಹೆಚ್ಚಿರುವ ಎಣ್ಣೆ ಹಾಕಿ, ಮೊದಲ ಸಲ ಹೊತ್ತಿಕೊಂಡ ಕೂಡಲೇ ನಿಮಿಷಕ್ಕೆ 2,000 ಸುತ್ತಿನ ಮೇಲೆಯೇ ಅರ್ಧ ಗಂಟೆ ಹತ್ತಿರ ಓಡಿಸಿದೆ. ಅಕ್ಕಪಕ್ಕದವರಿಗೆ ಮೊದಲೇ ಹೇಳಿದ್ದೆ, ಆದರೂ ಒಬ್ಬರು ಬಂದು ನೋಡಿ ಹೋದರು.

ಕಾರಿಗೆ ಈಗ ಹಳೆಯ ಕಾರುಗಳಿಗೆ ಮಿಷಿಗನ್ ಕೊಡುವ ಹಿಸ್ಟಾರಿಕ್ ನಂಬರ್ ಪ್ಲೇಟ್ ಇದೆ. ಮಿಕ್ಕ ತಿಂಗಳುಗಳಲ್ಲಿ ಪ್ರದರ್ಶನಕ್ಕೆ, ಕ್ಲಬ್ಬಿನ ಕೂಟಗಳಿಗೆ ಮಾತ್ರ ಓಡಿಸಬಹುದು, ಆಗಸ್ಟಿನಲ್ಲಿ ದಿನಾ ಓಡಿಸಲು ಅಡ್ಡಿಯಿಲ್ಲ. ಆ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳ ಮೆರವಣಿಗೆ, ಡ್ರೀಮ್ ಕ್ರೂಸ್. ಎಂಜಿನ್ ಬಿಸಿಯೇರದೆ ಕಾರು ಆ ದಟ್ಟಣೆಯಲ್ಲಿ ತೆವಳಿ ಬಂತು. ಕ್ರ್ಯಾಂಕಿನ ಹಿಂಬದಿಯ ಹಗ್ಗದ ಸೀಲಿನಿಂದ ಒಂದೆರಡು ಹನಿ ಎಣ್ಣೆ ಬೀಳುತ್ತಿದೆ. ಪಾಂಟಿಯಾಕ್ ಇಟ್ಟುಕೊಂಡವರಿಗೆ ಅದು ಹೊಸದಲ್ಲ, ಕೆಳಗೊಂದು ತಟ್ಟೆ ಇಟ್ಟಿದ್ದೇನೆ. ಸೀಟಿನ ಕವರ್ ಒಂದು ಬಾಕಿ. ಅಪ್‌ಹೋಲ್ಸ್ಟರಿ ಅಂಗಡಿಯವರು ಸೀಟು ಬಿಟ್ಟು ಹೋಗಿ ಅಂದರು. ಸರದಿ ಬಂದ ದಿನವೇ ತರುತ್ತೇನೆ ಅಂತ ಹೇಳಿ ಹೆಸರು ಬರೆಸಿ ಬಂದಿದ್ದೇನೆ.